ಕಂಚಿನ ಸ್ಮಾರಕ: ಶಿಲ್ಪಿ, ಎರಕದವರು ಮತ್ತು ನಮ್ಮ ಹೊಣೆ

ಕಳೆದ ಒಂದು ವರ್ಷದ ಅವಧಿಯಲ್ಲಿ ಶ್ರೀಮಠದ ಕಾರ್ಯಾಲಯಕ್ಕೆ ಒಂದೇ ಬಗೆಯ ಮೂರು ಮನವಿಗಳು ಬಂದಿವೆ. ಸಾಗರ ತಾಲ್ಲೂಕಿನಿಂದ ಬಂದದ್ದು ಕೆಳದಿಯ ಶಿವಪ್ಪನಾಯಕನ ಪ್ರತಿಮೆಯನ್ನು ಕುರಿತದ್ದು. ಹೊಸನಗರದಿಂದ ಬಂದದ್ದು ರಾಣಿ ಚೆನ್ನಮ್ಮಾಜಿಯ ಪ್ರತಿಮೆಯನ್ನು ಕುರಿತದ್ದು. ತೀರ್ಥಹಳ್ಳಿಯಿಂದ ಬಂದದ್ದು ಬಸವಣ್ಣನವರ ಪ್ರತಿಮೆಯನ್ನು ಕುರಿತದ್ದು. ಮೂರರಲ್ಲಿಯೂ ಪ್ರತಿಮೆ ಕಂಚಿನದಾಗಿರಬೇಕೆಂಬ ಸಂಕಲ್ಪವಿದೆ, ಎತ್ತರ ಎಷ್ಟು ಅಡಿಯೆಂಬುದಿದೆ, ಅನಾವರಣಕ್ಕೆ ಯಾರನ್ನು ಆಹ್ವಾನಿಸಬೇಕೆಂಬ ಸೂಚನೆಯೂ ಇದೆ. ಆದರೆ ಎರಕ ಹೊಯ್ಯುವವರು ಯಾರು, ಲೋಹದ ದಪ್ಪ ಎಷ್ಟು, ಮಲೆನಾಡಿನ ಮಳೆಗೆ ಅದು ಎಷ್ಟು ಕಾಲ ನಿಂತೀತು, ಮುಂದೆ ಅದನ್ನು ನೋಡಿಕೊಳ್ಳುವವರು ಯಾರು ಎಂಬ ಮಾತು ಒಂದರಲ್ಲಿಯೂ ಇಲ್ಲ. ಮನವಿಗಳಿಗೆ ಉತ್ತರ ಬರೆಯಲು ಕುಳಿತ ನಮಗೆ, ಈ ವಿಷಯವನ್ನು ಮೂರು ಸಮಿತಿಗಳಿಗೆ ಮಾತ್ರವಲ್ಲದೆ ಸಮಸ್ತ ಸದ್ಭಕ್ತರ ಮುಂದಿರಿಸುವುದು ಯುಕ್ತವೆಂದು ತೋರಿತು.

ಪ್ರತಿಮೆಯ ಬಯಕೆ ಈ ಕಾಲದ ಸಹಜ ಭಾವನೆಯಾಗಿದೆ. 2022ರ ನವೆಂಬರ್ 11ರಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಾಡಪ್ರಭು ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಅದರಲ್ಲಿ 98 ಟನ್ ಕಂಚು ಮತ್ತು 120 ಟನ್ ಉಕ್ಕು ಬಳಕೆಯಾಗಿದೆ ಎಂದು ಆಗ ಪ್ರಕಟವಾಗಿತ್ತು. 2023ರ ಮಾರ್ಚ್ 26ರಂದು ವಿಧಾನಸೌಧದ ಆವರಣದಲ್ಲಿ ಬಸವಣ್ಣನವರ ಮತ್ತು ಕೆಂಪೇಗೌಡರ ಪ್ರತಿಮೆಗಳು ಅನಾವರಣಗೊಂಡವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ರಾಜಧಾನಿಯಲ್ಲಿ ಆದದ್ದು ತಾಲ್ಲೂಕು ಕೇಂದ್ರದಲ್ಲಿಯೂ, ಹೋಬಳಿಯಲ್ಲಿಯೂ ಆಗಬೇಕೆಂದು ಜನ ಬಯಸುವುದರಲ್ಲಿ ತಪ್ಪಿಲ್ಲ. ಹಿರಿಯರನ್ನು ನೆನೆಯುವ ಮನಸ್ಸು ಒಳ್ಳೆಯದೇ. ಆ ಮನಸ್ಸು ಭಕ್ತರ ಕಾಣಿಕೆಯಾಗಿ, ಕಾಣಿಕೆ ಲೋಹವಾಗಿ, ಲೋಹ ಮೂರ್ತಿಯಾಗುವ ದಾರಿಯಲ್ಲಿ ನಮ್ಮ ಎಚ್ಚರ ಎಷ್ಟಿದೆ ಎಂಬುದು ಪ್ರಶ್ನೆ.

ಆ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಎರಡು ನಿದರ್ಶನಗಳಿವೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಮಾಲ್ವಣದಲ್ಲಿ, ರಾಜಕೋಟ ಕೋಟೆಯ ಬಳಿ, 2023ರ ಡಿಸೆಂಬರ್ 4ರಂದು ಛತ್ರಪತಿ ಶಿವಾಜಿ ಮಹಾರಾಜರ 35 ಅಡಿಯ ಪ್ರತಿಮೆಯನ್ನು ಪ್ರಧಾನಮಂತ್ರಿಗಳು ಅನಾವರಣಗೊಳಿಸಿದರು. ಒಂಬತ್ತು ತಿಂಗಳು ತುಂಬುವ ಮೊದಲೇ, 2024ರ ಆಗಸ್ಟ್ 26ರಂದು, ಅದು ಕುಸಿದು ಬಿದ್ದಿತು. ತನಿಖಾ ಸಮಿತಿಯು ತುಕ್ಕು, ಸರಿಯಿಲ್ಲದ ಬೆಸುಗೆ ಮತ್ತು ಒಳಚೌಕಟ್ಟಿನ ದೋಷಗಳ ಕಡೆಗೆ ಬೆರಳು ತೋರಿತು. ಇಷ್ಟು ದೊಡ್ಡ ಕೃತಿಯ ಅನುಭವ ಶಿಲ್ಪಿಗೆ ಇರಲಿಲ್ಲವೆಂಬ ಟೀಕೆಯೂ ಕೇಳಿಬಂದಿತು. ಈ ಸುದ್ದಿ ನಮ್ಮ ಸೀಮೆಯವರಿಗೆ ದೂರದ್ದಾಗಬಾರದು. ಶಿವಾಜಿ ಮಹಾರಾಜರ ಮಗ ರಾಜಾರಾಮನು ಮೊಗಲರ ಸೇನೆಯಿಂದ ತಪ್ಪಿಸಿಕೊಂಡು ಬಂದಾಗ ಅವನಿಗೆ ಆಶ್ರಯವಿತ್ತವಳು ನಮ್ಮ ಕೆಳದಿಯ ಚೆನ್ನಮ್ಮಾಜಿ. ಇಂದು ಹೊಸನಗರದವರು ಪ್ರತಿಮೆ ಮಾಡಿಸಬೇಕೆಂದಿರುವುದು ಅದೇ ತಾಯಿಗೆ.

ಎರಡನೆಯದು ಇನ್ನೂ ಹತ್ತಿರದ್ದು. ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ಘಾಟಿ ಇಳಿದು ಹೆಬ್ರಿ ದಾಟಿದರೆ ಕಾರ್ಕಳ. ಅಲ್ಲಿಯ ಬೈಲೂರಿನ ಉಮಿಕ್ಕಳ ಬೆಟ್ಟದ ಮೇಲೆ 2023ರ ಜನವರಿ 27ರಂದು ಪರಶುರಾಮನ ಎತ್ತರದ ಪ್ರತಿಮೆಯ ಉದ್ಘಾಟನೆಯಾಯಿತು. ಅದೇ ವರ್ಷ ಪ್ರತಿಮೆಯ ಮೇಲ್ಭಾಗವನ್ನು ತೆಗೆಯಲಾಯಿತು. ಅದು ಹೇಳಿದಂತೆ ಕಂಚಿನದೇ, ಬೇರೆಯದೇ ಎಂಬ ಸಂದೇಹವು ರಾಜಕೀಯ ವಿವಾದವಾಗಿ, ಪೊಲೀಸ್ ತನಿಖೆಯಾಗಿ, ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅದರಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸವೇ ಹೊರತು ಮಠದ್ದಲ್ಲ. ನಾವು ಗಮನಿಸಬೇಕಾದದ್ದು ಇಷ್ಟೇ: ಒಂದು ಪ್ರತಿಮೆ ಯಾವ ಲೋಹದ್ದೆಂಬುದು ಉದ್ಘಾಟನೆಯ ಮೊದಲೇ, ಒಂದು ಚಿಟಿಕೆ ಲೋಹದ ಪರೀಕ್ಷೆಯಿಂದ ತಿಳಿಯಬಹುದಾದ ಸಂಗತಿ. ಅದು ಉದ್ಘಾಟನೆಯ ನಂತರ ಊರಿನ ಜಗಳವಾದರೆ, ಮೊದಲು ಕೇಳಬೇಕಾದವರು ಕೇಳಲಿಲ್ಲವೆಂದೇ ಅರ್ಥ.

ಕಂಚಿನ ಸ್ಮಾರಕವನ್ನು ನಾವು ಶಿಲ್ಪಿಯೊಬ್ಬರ ಹೆಸರಿನಲ್ಲಿ ಗುರುತಿಸುತ್ತೇವೆ. ವಾಸ್ತವದಲ್ಲಿ ಅದು ಎರಡು ಮನೆಗಳ ಕಾಯಕ. ಶಿಲ್ಪಿಯು ಮಣ್ಣಿನಲ್ಲಿ ಮೂರ್ತಿಯನ್ನು ತಿದ್ದುತ್ತಾರೆ; ಮುಖದ ಕಳೆ, ನಿಲುವು, ಉಡುಗೆಯ ಮಡಿಕೆ ಎಲ್ಲವೂ ಅಲ್ಲಿ ತೀರ್ಮಾನವಾಗುತ್ತವೆ. ಆ ಮಣ್ಣಿನ ಮೂರ್ತಿಯಿಂದ ರಬ್ಬರ್ ಅಥವಾ ಪ್ಲಾಸ್ಟರಿನ ಅಚ್ಚು ತೆಗೆದ ಮೇಲೆ ಕೆಲಸವು ಎರಕದ ಮನೆಗೆ ಹೋಗುತ್ತದೆ. ಅಲ್ಲಿ ಅಚ್ಚಿನೊಳಗೆ ಐದಾರು ಮಿಲಿಮೀಟರ್ ದಪ್ಪಕ್ಕೆ ಮೇಣ ಹರಡುತ್ತಾರೆ, ಒಳಗೆ ತಿರುಳು ತುಂಬುತ್ತಾರೆ, ಲೋಹ ಹರಿಯಲು ಮತ್ತು ಗಾಳಿ ಹೊರಹೋಗಲು ಕೊಳವೆಗಳನ್ನಿಡುತ್ತಾರೆ, ಹೊರಗೆ ಬೆಂಕಿ ತಾಳುವ ಲೇಪ ಕೊಟ್ಟು ಕಾಯಿಸಿ ಮೇಣವನ್ನು ಕರಗಿಸಿ ತೆಗೆಯುತ್ತಾರೆ. ಮೇಣ ಬಿಟ್ಟುಹೋದ ಆ ಬರಿದಾದ ಜಾಗಕ್ಕೆ, ಮೂಸೆಯಲ್ಲಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿದ ಕಂಚನ್ನು ಹೊಯ್ಯುತ್ತಾರೆ. ದೊಡ್ಡ ಮೂರ್ತಿಯಾದರೆ ತುಂಡು ತುಂಡಾಗಿ ಎರಕ ಹೊಯ್ದು, ಬೆಸೆದು, ಬೆಸುಗೆಯ ಗುರುತು ಕಾಣದಂತೆ ಚಾಣ ಮತ್ತು ಅರಗಳಿಂದ ತಿದ್ದಿ, ಕೊನೆಗೆ ರಾಸಾಯನಿಕಗಳಿಂದ ಬಣ್ಣ ಏರಿಸುತ್ತಾರೆ. ಲೋಹ ತಣಿಯುವಾಗ ನೂರಕ್ಕೆ ಒಂದೂವರೆ ಎರಡರಷ್ಟು ಕುಗ್ಗುತ್ತದೆ. ಶಿಲ್ಪಿ ಅದನ್ನರಿತು ಮೂರ್ತಿ ಮಾಡದಿದ್ದರೆ ಎರಕದವರ ಶ್ರಮ ವ್ಯರ್ಥ. ಶಿಲ್ಪಿ ಮೂಗಿನ ಬಳಿ ಕೊಟ್ಟ ಒಂದು ಸೂಕ್ಷ್ಮ ಗೆರೆಯನ್ನು ಎರಕದವರು ಅರ ಹಾಕಿ ಅಳಿಸಿದರೆ ಶಿಲ್ಪಿಯ ಶ್ರಮ ವ್ಯರ್ಥ. ಒಬ್ಬರನ್ನೊಬ್ಬರು ನಂಬದೆ ಈ ಕೆಲಸ ನಡೆಯದು.

ಈ ವಿದ್ಯೆ ನಮಗೆ ಹೊರಗಿನಿಂದ ಬಂದದ್ದಲ್ಲ. ಬಸವಾದಿ ಶರಣರ ಕಲ್ಯಾಣದಲ್ಲಿಯೇ, ಅವರಿಗಿಂತ ಸ್ವಲ್ಪ ಮುಂಚೆ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ಮೇಣದ ಎರಕದ ವಿಧಾನವಿದೆ. ಮೇಣದ ಮೂರ್ತಿಗೆ ಮಣ್ಣಿನ ಲೇಪಗಳನ್ನು ಒಂದರ ಮೇಲೊಂದು ಕೊಟ್ಟು ಒಣಗಿಸುವ ಕ್ರಮವನ್ನೂ, ಮೇಣದ ತೂಕವನ್ನು ನೋಡಿ ಲೋಹದ ತೂಕವನ್ನು ನಿಗದಿಪಡಿಸುವ ಲೆಕ್ಕವನ್ನೂ ಅದು ಹೇಳುತ್ತದೆ. ಮೇಣದ ತೂಕವೇ ಲೋಹಕ್ಕೆ ಸಾಕ್ಷಿ ಎಂಬ ಆ ಹಳೆಯ ಲೆಕ್ಕ ಇಂದಿನ ಸಮಿತಿಗಳಿಗೂ ಉಪಯುಕ್ತ. ಅದನ್ನು ಮುಂದೆ ಹೇಳುತ್ತೇವೆ.

ನಮ್ಮ ಕಾಲದಲ್ಲಿ ಶಿಲ್ಪಿ ಮತ್ತು ಎರಕದ ಮನೆಗಳ ಈ ಸಂಬಂಧ ಎಷ್ಟು ದೂರ ಹಬ್ಬಬಹುದೆಂಬುದನ್ನು ರಾಮ್ ಸುತಾರ್ ಅವರ ಬದುಕು ತೋರಿಸಿತು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೊಂದೂರಿನಲ್ಲಿ 1925ರಲ್ಲಿ ಜನಿಸಿದ ಅವರು, ಯೌವನದಲ್ಲಿ ಪುರಾತತ್ತ್ವ ಇಲಾಖೆಯಲ್ಲಿದ್ದು ಎಲ್ಲೋರದ ಶಿಲ್ಪಗಳ ದುರಸ್ತಿಯಲ್ಲಿ ಕೈ ಪಳಗಿಸಿಕೊಂಡವರು. 2025ರ ಡಿಸೆಂಬರಿನಲ್ಲಿ, ನೂರು ವರ್ಷ ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಕೆಂಪೇಗೌಡರ ಪ್ರತಿಮೆ ಅವರದೇ ಕೃತಿ. ಗುಜರಾತಿನಲ್ಲಿ 2018ರ ಅಕ್ಟೋಬರ್ 31ರಂದು ಅನಾವರಣಗೊಂಡ ಸರ್ದಾರ್ ಪಟೇಲರ 182 ಮೀಟರ್ ಎತ್ತರದ ಪ್ರತಿಮೆಯನ್ನು ರೂಪಿಸಿದವರೂ ಅವರೇ. ಆ ಪ್ರತಿಮೆಯ ಕಂಚಿನ ಹೊದಿಕೆಯ ಫಲಕಗಳು ಮಾತ್ರ ಚೀನಾದ ನಾನ್‌ಚಾಂಗ್ ನಗರದ ಎರಕದ ಕಾರ್ಖಾನೆಯಲ್ಲಿ ತಯಾರಾಗಿ ಬಂದವು. ಅಷ್ಟು ದೊಡ್ಡ ಕೆಲಸಕ್ಕೆ ಸಿದ್ಧವಾದ ಎರಕದ ಮನೆ ನಮ್ಮಲ್ಲಿ ಇರಲಿಲ್ಲವೆಂಬುದು ಅದರಿಂದ ತಿಳಿಯುತ್ತದೆ. ಶಿಲ್ಪಿಯನ್ನು ಪದ್ಮ ಪ್ರಶಸ್ತಿಗಳಿಂದ ಗೌರವಿಸಿದ ದೇಶ ಎರಕದವರನ್ನು ಬೆಳೆಸುವುದನ್ನು ಮರೆತಿತ್ತೇ ಎಂದು ಕೇಳಿಕೊಳ್ಳಬೇಕಾಗಿದೆ. ಮಾಲ್ವಣದಲ್ಲಿ ಬಿದ್ದ ಪ್ರತಿಮೆಯ ಸ್ಥಾನದಲ್ಲಿ ಹಿಂದಿನದಕ್ಕಿಂತ ಎತ್ತರವಾದ ಕಂಚಿನ ಪ್ರತಿಮೆಯನ್ನು ನಿರ್ಮಿಸುವ ಹೊಣೆಯೂ ಸುತಾರ್ ಅವರ ಸಂಸ್ಥೆಗೇ ಬಂದಿತು. 2025ರ ಮೇ ತಿಂಗಳಿನಲ್ಲಿ ಅದು ಲೋಕಾರ್ಪಣೆಗೊಂಡಿತು.

ಇಷ್ಟನ್ನು ಬರೆಯುವಾಗ ನಮ್ಮ ಮಠದ್ದೇ ಒಂದು ಲೋಪವನ್ನು ಮರೆಮಾಚುವುದು ಸಲ್ಲದು. ಹಲವು ವರ್ಷಗಳ ಹಿಂದೆ ಲಿಂಗೈಕ್ಯ ಹಿರಿಯ ಶ್ರೀಗಳ ಎದೆಮಟ್ಟದ ಕಂಚಿನ ಪ್ರತಿಮೆಯೊಂದನ್ನು ಮಾಡಿಸಿದೆವು. ಎರಕದ ದಿನ ಶಿಲ್ಪಿಗಳೊಂದಿಗೆ ನಾವು ನಾಲ್ವರು ಆ ಫೌಂಡ್ರಿಗೆ ಹೋಗಿದ್ದೆವು. ಅಲ್ಲಿಯ ಹಿರಿಯ ಕೆಲಸಗಾರರೊಬ್ಬರು ಬೆಳಗ್ಗಿನಿಂದ ಕುಲುಮೆಯ ಮುಂದೆ ನಿಂತಿದ್ದರು. ಮೂಸೆ ಎತ್ತುವ ಮುನ್ನ ಕಾಲಿನ ಚಪ್ಪಲಿಯನ್ನು ಬಿಟ್ಟು ಕೈ ಮುಗಿದು, ಮತ್ತೆ ದಪ್ಪ ಬೂಟು ತೊಟ್ಟು ಕೆಲಸಕ್ಕೆ ನಿಂತರು. ಎರಕ ಮುಗಿದ ಮೇಲೆ, "ಸ್ವಾಮಿಗಳು ನಿಮ್ಮೂರಲ್ಲಿ ಶಾಲೆ ಕಟ್ಟಿಸಿದ್ರಂತೆ, ಹೌದೇನು ಸಾರ್?" ಎಂದು ಕೇಳಿದರು. ಹೌದೆಂದೆವು. ತಮ್ಮ ಮಗಳೂ ಮಠದ ಶಾಲೆಯೊಂದರಲ್ಲಿ ಓದಿದವಳೆಂದು ಹೇಳಿ ಸುಮ್ಮನಾದರು. ಮುಂದೆ ಪೀಠದ ಶಿಲಾಫಲಕದಲ್ಲಿ ಅತಿಥಿಗಳ ಹೆಸರು, ದಾನಿಗಳ ಹೆಸರು, ಸಮಿತಿಯವರ ಹೆಸರು, ಕಡೆಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಶಿಲ್ಪಿಯ ಹೆಸರನ್ನು ಕೆತ್ತಿಸಿದೆವು. ಎರಕ ಹೊಯ್ದವರ ಹೆಸರನ್ನು ಕೆತ್ತಿಸಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾಯಕಕ್ಕೆ ಮೇಲು ಕೀಳಿಲ್ಲವೆಂದು ವರ್ಷಕ್ಕೆ ಹತ್ತು ಸಭೆಗಳಲ್ಲಿ ಹೇಳುವ ನಾವು, ನಮ್ಮ ಗುರುವಿನ ಪೀಠದ ಮೇಲೆಯೇ ಆ ಭೇದವನ್ನು ಕಲ್ಲಿನಲ್ಲಿ ಬರೆಸಿದ್ದೆವು.

ಅದೇ ಪ್ರತಿಮೆ ಇನ್ನೊಂದು ಪಾಠವನ್ನೂ ಕಲಿಸಿತು. ಮೂರನೆಯ ಮಳೆಗಾಲ ಕಳೆಯುವ ಹೊತ್ತಿಗೆ ಭುಜದ ಸಂದಿನಲ್ಲಿ ಹಸಿರು ಕಿಲುಬಿನ ಗೆರೆಗಳು ಇಳಿದವು. ಪೀಠಕ್ಕೆ ಬಿಗಿದ ಕಬ್ಬಿಣದ ಬೋಲ್ಟಿನಿಂದ ತುಕ್ಕಿನ ನೀರು ಸೋರಿತು. ಕರಾರು ಪತ್ರವನ್ನು ತೆಗೆದು ನೋಡಿದರೆ ಎತ್ತರ ಮತ್ತು ಮೊತ್ತ ಎರಡನ್ನೇ ಬರೆಸಿದ್ದೆವು. ಕೇಳದೆ ಇದ್ದುದಕ್ಕೆ ಯಾರನ್ನು ದೂರುವುದು?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲೂ ಅಂಥದೇ ಮಳೆಯ ಊರು. ಬಯಲುಸೀಮೆಯಲ್ಲಿ ನಿಲ್ಲುವ ಪ್ರತಿಮೆಯ ಲೆಕ್ಕ ನಮಗೆ ಸಾಲದು. ಆದಕಾರಣ ಮೂರೂ ಸಮಿತಿಗಳವರು ಮುಂಗಡ ಕೊಡುವ ಮೊದಲು ಕೆಲವು ಮಾತುಗಳನ್ನು ಬರವಣಿಗೆಯಲ್ಲಿ ಪಡೆಯಬೇಕೆಂದು ಕೇಳಿಕೊಳ್ಳುತ್ತೇವೆ.

ಮೊದಲನೆಯದು ಲೋಹ. ಕಂಚೆಂದರೆ ಮುಖ್ಯವಾಗಿ ತಾಮ್ರ ಮತ್ತು ತವರ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಪ್ರತಿಮೆಗಳಿಗೆ ತಾಮ್ರದೊಂದಿಗೆ ತವರ, ಸತು, ಸೀಸಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಮಿಶ್ರಲೋಹವನ್ನೂ ಬಳಸುವುದುಂಟು, ಅದರಲ್ಲಿ ಮೋಸವಿಲ್ಲ. ಆದರೆ ಯಾವುದು ಎಷ್ಟೆಂಬುದು ಕರಾರಿನಲ್ಲಿರಬೇಕು, ಎರಕದ ದಿನವೇ ಮಾದರಿ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿ ಭಕ್ತರೆಲ್ಲರೂ ನೋಡುವಂತಿರಬೇಕು.

ಎರಡನೆಯದು ದಪ್ಪ ಮತ್ತು ತೂಕ. 6 ಮಿಲಿಮೀಟರ್ ದಪ್ಪದ ಕಂಚು ಒಂದು ಚದರ ಮೀಟರಿಗೆ ಸುಮಾರು 53 ಕಿಲೋಗ್ರಾಂ ತೂಗುತ್ತದೆ. ದಪ್ಪವನ್ನು 3 ಮಿಲಿಮೀಟರಿಗೆ ಇಳಿಸಿದರೆ ಅರ್ಧ ಲೋಹ ಉಳಿಯುತ್ತದೆ, ಹೊರಗಿನಿಂದ ನೋಡುವವರಿಗೆ ಏನೂ ತಿಳಿಯದು. ಮಾನಸೋಲ್ಲಾಸದ ಲೆಕ್ಕ ಇಲ್ಲಿ ನೆರವಿಗೆ ಬರುತ್ತದೆ. ಮೇಣಕ್ಕಿಂತ ಕಂಚು ಹೆಚ್ಚು ಕಡಿಮೆ ಒಂಬತ್ತು ಪಟ್ಟು ಭಾರ. ಮೇಣದ ಮೂರ್ತಿಯನ್ನು ಸಮಿತಿಯವರ ಎದುರಿಗೆ ತೂಗಿ ಬರೆದಿಟ್ಟರೆ ಲೋಹದ ತೂಕ ಎಷ್ಟಿರಬೇಕೆಂಬುದು ಅಲ್ಲಿಯೇ ತಿಳಿಯುತ್ತದೆ.

ಮೂರನೆಯದು ಒಳಚೌಕಟ್ಟು. ಕಂಚು ಮತ್ತು ಸಾಮಾನ್ಯ ಕಬ್ಬಿಣ ಒಂದಕ್ಕೊಂದು ತಾಗಿ, ನಡುವೆ ನೀರು ನಿಂತರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದ ಉಕ್ಕಿನ ಚೌಕಟ್ಟು, ಒಳಗೆ ಸೇರಿದ ನೀರು ಇಳಿದುಹೋಗಲು ಕೆಳಗೆ ರಂಧ್ರಗಳು, ಗಾಳಿಯ ಒತ್ತಡವನ್ನು ಲೆಕ್ಕ ಹಾಕಿದ ಎಂಜಿನಿಯರರ ಸಹಿ, ಈ ಮೂರೂ ಬೇಕು. ನಾಲ್ಕನೆಯದು ಆರೈಕೆ. ಪ್ರತಿ ಮಳೆಗಾಲ ಮುಗಿದ ಮೇಲೆ ತೊಳೆದು ಮೇಣ ಹಚ್ಚುವ ಹೊಣೆ ಯಾರದು, ಅದರ ಖರ್ಚಿಗೆ ಠೇವಣಿ ಎಷ್ಟು ಎಂಬುದು ಅನಾವರಣದ ಮೊದಲೇ ತೀರ್ಮಾನವಾಗಲಿ. ಐದನೆಯದು ಹೆಸರು. ಪೀಠದಲ್ಲಿ ಶಿಲ್ಪಿಯ ಹೆಸರಿನ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ, ಎರಕದ ಮನೆಯ ಹೆಸರೂ ಇರಲಿ. ಹೆಸರು ಹಾಕಿಸಿಕೊಂಡವರು ಹೊಣೆಯನ್ನೂ ಹೊರುತ್ತಾರೆ; ಆದಕಾರಣ ಇದು ಗೌರವವೂ ಹೌದು, ಕಾವಲೂ ಹೌದು.

ಸ್ಮಾರಕವನ್ನು ನಮ್ಮ ಸೀಮೆಯ ಕೈಗಳಿಂದಲೇ ಮಾಡಿಸಬಾರದೇಕೆ ಎಂದು ಯುವಕರು ಕೇಳಿದ್ದಾರೆ. ಒಳ್ಳೆಯ ಪ್ರಶ್ನೆ. ಶ್ರೀಗಂಧದ ಮರದಲ್ಲಿ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಕೆತ್ತುವ ಗುಡಿಗಾರರು ಸಾಗರದಲ್ಲಿದ್ದಾರೆ. ಶಿವಮೊಗ್ಗದ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ವಾಹನ, ಯಂತ್ರಗಳ ಬಿಡಿಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆಗಳಿವೆ. ನಾಗಮಂಗಲದಲ್ಲಿ ದೇವರ ವಿಗ್ರಹಗಳನ್ನು ಎರಕ ಹೊಯ್ಯುವ ಪರಂಪರೆಯಿದೆ. ಇವರೆಲ್ಲ ಒಂದೇ ರಾಜ್ಯದಲ್ಲಿದ್ದೂ ಒಬ್ಬರ ಅಂಗಳಕ್ಕೆ ಇನ್ನೊಬ್ಬರು ಕಾಲಿಟ್ಟದ್ದು ಕಡಿಮೆ. ಹತ್ತು ಊರು ಹತ್ತು ಪ್ರತಿಮೆಗಳನ್ನು ಹತ್ತು ಕಡೆ ಮಾಡಿಸುವುದಕ್ಕಿಂತ, ಒಬ್ಬ ಗುಡಿಗಾರ ಯುವಕನನ್ನು ಎರಡು ವರ್ಷ ಎರಕದ ಮನೆಯಲ್ಲಿ ಕಲಿಯಲು ಕಳುಹಿಸುವುದು ನಾಡಿಗೆ ಹೆಚ್ಚು ಕಾಲ ಉಪಯೋಗಕ್ಕೆ ಬರುವ ದಾಸೋಹ.

ಇನ್ನು ಎತ್ತರದ ಮಾತು. ಸ್ಥಾವರ ಮತ್ತು ಜಂಗಮಗಳ ಭೇದವನ್ನು ತಿಳಿಸಿಕೊಟ್ಟ ಗುರುವಿಗೆ ಲೋಹದ ಸ್ಥಾವರವನ್ನು ನಿಲ್ಲಿಸುವಾಗ ನಾವು ಒಂದು ಗಳಿಗೆ ತಡೆದು ಯೋಚಿಸಬೇಕು. ಪ್ರತಿಮೆಯೇ ಬೇಡವೆಂದು ನಾವು ಹೇಳುತ್ತಿಲ್ಲ; ಹಾಗೆ ಹೇಳಲು ನಮ್ಮ ಮಠದ ಅಂಗಳವೇ ಅಡ್ಡಿ. ಆದರೆ ದೊಡ್ಡತನಕ್ಕೆ ಎತ್ತರವೊಂದೇ ಅಳತೆಯಲ್ಲ. ಸಾಗರದ ಪಕ್ಕದ ಇಕ್ಕೇರಿಗೆ ಹೋಗಿ ನೋಡಿ. ಅಘೋರೇಶ್ವರ ದೇವಾಲಯದಲ್ಲಿ ಕೆಳದಿಯ ಮೂವರು ನಾಯಕರ ಪ್ರತಿಕೃತಿಗಳಿವೆ. ಅವು ಪೀಠದ ಮೇಲಿಲ್ಲ, ಗರ್ಭಗುಡಿಯ ಮುಂದಿನ ನೆಲಗಲ್ಲಿನಲ್ಲಿ ಸಾಷ್ಟಾಂಗ ಎರಗಿದ ಭಂಗಿಯಲ್ಲಿವೆ. ಪಶ್ಚಿಮ ಘಟ್ಟದಿಂದ ಕರಾವಳಿಯವರೆಗೆ ಆಳಿದ ಮನೆತನ ತನ್ನ ನೆನಪನ್ನು ಜನರ ಕಾಲಿನ ಮಟ್ಟದಲ್ಲಿ ಇರಿಸಿತು. ಫ್ರಾನ್ಸಿನ ಮಹಾಶಿಲ್ಪಿ ರೋದ್ಯಾನರು ತಮ್ಮ ಊರನ್ನು ಉಳಿಸಲು ಪ್ರಾಣಕ್ಕೆ ಸಿದ್ಧರಾದ ಕಲೇ ನಗರದ ಆರು ಮಂದಿಯ ಕಂಚಿನ ಸ್ಮಾರಕವನ್ನು ರೂಪಿಸಿದಾಗ, ಅದು ಜನರ ನಡುವೆ ನೆಲದ ಮಟ್ಟದಲ್ಲಿ ನಿಲ್ಲಲೆಂದು ಬಯಸಿದ್ದರು. 1895ರಲ್ಲಿ ಊರಿನವರು ಅದನ್ನು ಪೀಠದ ಮೇಲೆಯೇ ನಿಲ್ಲಿಸಿದರು. ಶಿಲ್ಪಿಯ ಇಚ್ಛೆಯಂತೆ ಕೆಳಗಿಳಿಸಿದ್ದು 1924ರಲ್ಲಿ, ಅವರು ತೀರಿಕೊಂಡ ಮೇಲೆ. ಇಕ್ಕೇರಿಯ ಕಲ್ಲುಕುಟಿಗರಿಗೆ ಅದು ಮೊದಲೇ ತಿಳಿದಿತ್ತು.

ತೀರ್ಥಹಳ್ಳಿಯ ಕುಪ್ಪಳಿಯಲ್ಲಿ ಕುವೆಂಪು ಅವರ ನೆನಪಿಗೆ ನಿಂತಿರುವುದು ಕವಿಶೈಲದ ಕಲ್ಲುಗಳು. ಶಿವಪ್ಪನಾಯಕನ ಹೆಸರನ್ನು ರೈತರ ಮನೆಗಳಲ್ಲಿ ಇಂದಿಗೂ ಉಳಿಸಿರುವುದು ಅವನು ಜಮೀನು ಅಳೆಸಿ ಕಂದಾಯಕ್ಕೆ ಕಟ್ಟಿದ 'ಶಿಸ್ತು'. ಇವನ್ನೂ ಸ್ಮಾರಕಗಳೆಂದೇ ಎಣಿಸಬೇಕು. ಹೊಸನಗರ ತಾಲ್ಲೂಕಿನ ನಗರದ ಬಳಿ ಕೊಪ್ಪಲು ಮಠದಲ್ಲಿ ಕೆಳದಿ ಅರಸರ ಸಮಾಧಿಗಳಿವೆ. ಹೊಸ ಪ್ರತಿಮೆಗೆ ಕಾಣಿಕೆ ಎತ್ತುವವರು ಮೊದಲು ಒಂದು ದಿನ ಅಲ್ಲಿಗೆ ಹೋಗಿ ಹುಲ್ಲು ಕಿತ್ತು, ಕಲ್ಲು ತೊಳೆದು ಬರಲಿ ಎಂಬುದು ನಮ್ಮ ಪ್ರಾರ್ಥನೆ.

ಮೂರು ಮನವಿಗಳಿಗೆ ಶ್ರೀಮಠದ ಉತ್ತರ ಹೀಗಿದೆ. ಮೇಲೆ ಹೇಳಿದ ಐದು ಮಾತುಗಳು ಕರಾರಿನಲ್ಲಿ ಸೇರಿದ ಪಕ್ಷದಲ್ಲಿ ಮಠದ ಕಾಣಿಕೆ ಮತ್ತು ಆಶೀರ್ವಾದ ಎರಡೂ ದೊರೆಯುತ್ತವೆ. ಎತ್ತರವನ್ನು ಕಡಿಮೆ ಮಾಡಿ ದಪ್ಪವನ್ನು ಹೆಚ್ಚಿಸುವ ಸಮಿತಿಗೆ ಮೊದಲು ದೊರೆಯುತ್ತವೆ. ನಮ್ಮ ಲೋಪವನ್ನೂ ತಿದ್ದಿಕೊಳ್ಳುತ್ತಿದ್ದೇವೆ. ಹಿರಿಯ ಶ್ರೀಗಳ ಪೀಠದ ಶಿಲಾಫಲಕವನ್ನು ಬದಲಿಸಲು ತೀರ್ಮಾನವಾಗಿದೆ. ಅಂದು ಕುಲುಮೆಯ ಮುಂದೆ ನಿಂತಿದ್ದ ಹಿರಿಯರ ಮನೆಯ ವಿಳಾಸವನ್ನು ಹುಡುಕಿಸುತ್ತಿದ್ದೇವೆ. ಅವರು ಬದುಕಿದ್ದರೆ ಹೊಸ ಫಲಕವನ್ನು ಅವರ ಕೈಯಿಂದಲೇ ಇರಿಸಬೇಕೆಂಬುದು ನಮ್ಮೆಲ್ಲರ ಆಸೆ.